ಎರಡು ದಡದ ಅಡಿಗೆ

ನದಿಯೊಂದು ಎರಡು ದೇಶಗಳನ್ನು ಬೇರ್ಪಡಿಸಬಲ್ಲದು. ಅದರ ಎರಡು ದಡಗಳ ಒಲೆಗಳನ್ನು ಬೇರ್ಪಡಿಸುವುದು ಅಷ್ಟು ಸುಲಭವಲ್ಲ. ಮೆಕ್ಸಿಕೊ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳ ನಡುವೆ ಹರಿಯುವ ರಿಯೊ ಗ್ರಾಂಡೆ ಇದಕ್ಕೆ ಸಾಕ್ಷಿ. ನದಿಯ ಉತ್ತರಕ್ಕೆ ಬೆಳೆದ ಮೆಕ್ಸಿಕನ್-ಅಮೆರಿಕನ್ ಅಡಿಗೆಯನ್ನು ಮೂಲದ ಕೆಟ್ಟ ನಕಲೆಂದು ಹಳಿಯುವ ರಸಿಕರು ಹಲವರುಂಟು. ಮೆಕ್ಸಿಕೊದ ಪ್ರಾಂತೀಯ ಅಡಿಗೆಗಳನ್ನು ಕುರಿತು 1972ರಲ್ಲಿ ಹೆಸರಾಂತ ಗ್ರಂಥವನ್ನು ಪ್ರಕಟಿಸಿದ ಡಯಾನಾ ಕೆನಡಿಯವರೂ ಗಡಿಯಾಚೆಯ ಈ ಊಟವನ್ನು ಬೇರೆಯ ಪಂಕ್ತಿಯಲ್ಲಿಯೇ ಕೂರಿಸಿದರು. ಈ ತೀರ್ಪು ಎಷ್ಟರ ಮಟ್ಟಿಗೆ ನ್ಯಾಯವಾದುದು?

ಮೊದಲು ಮೂಲವನ್ನು ನೋಡೋಣ. ಮೆಕ್ಸಿಕೊದ ಅಡಿಗೆಯ ತಳಹದಿ ಮುಸುಕಿನ ಜೋಳ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಯಿಟ್ಟು, ಸಿಪ್ಪೆ ಹೋಗುವಂತೆ ತೊಳೆದು, ಮೆಟಾಟೆಯೆಂಬ ಕಲ್ಲಿನ ಮೇಲೆ ಅರೆದು, ಆ ಹಿಟ್ಟನ್ನು ತಟ್ಟಿ ಕಾವಲಿಯ ಮೇಲೆ ಬೇಯಿಸಿದರೆ ಅದು ಟೋರ್ಟಿಯವೆಂಬ ರೊಟ್ಟಿ. ಸುಣ್ಣದ ಈ ಸಂಸ್ಕಾರವಿಲ್ಲದಿದ್ದರೆ ಜೋಳದಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕದು. ಜೋಳವನ್ನು ಪಡೆದು ಈ ವಿದ್ಯೆಯನ್ನು ಪಡೆಯದ ಇಟಲಿಯ ಬಡವರೂ ಅಮೆರಿಕದ ದಕ್ಷಿಣ ಸೀಮೆಯ ಬಡವರೂ ಪೆಲಾಗ್ರ ರೋಗಕ್ಕೆ ತುತ್ತಾದುದು ಚರಿತ್ರೆ. ಇಂಥ ಪರಂಪರೆಯನ್ನು ಯುನೆಸ್ಕೊ 2010ರಲ್ಲಿ ಮಾನವಕುಲದ ಪರಂಪರೆಯೆಂದು ಗೌರವಿಸಿದುದು ಉಚಿತವೇ ಆಗಿದೆ.

ಆದರೆ ಮೆಕ್ಸಿಕೊ ಎಂದರೆ ಒಂದೇ ಅಡಿಗೆಮನೆಯಲ್ಲ. ಸೊನೋರ ಮೊದಲಾದ ಉತ್ತರದ ಒಣ ಸೀಮೆಗಳಲ್ಲಿ ಸ್ಪೇನಿನವರು ತಂದ ಗೋಧಿಯೂ ದನಗಳೂ ನೆಲೆಯೂರಿದ್ದವು. ಗೋಧಿಯ ಟೋರ್ಟಿಯ ಅಲ್ಲಿಯ ಮನೆಯೂಟವೇ ಹೊರತು ಅಮೆರಿಕನ್ನರ ಕಲ್ಪನೆಯಲ್ಲ. 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಿಂದ ಮೆಕ್ಸಿಕೊ ತನ್ನ ಉತ್ತರದ ವಿಶಾಲ ಭೂಭಾಗವನ್ನು ಕಳೆದುಕೊಂಡಿತು. ಅಲ್ಲಿಯ ಜನ ಇದ್ದಲ್ಲಿಯೇ ಇದ್ದರು. ಅವರ ಒಲೆಗಳ ದಕ್ಷಿಣಕ್ಕೆ ಗಡಿ ಸರಿದುಹೋಯಿತು. ನಿನ್ನೆಯವರೆಗೆ ಮೆಕ್ಸಿಕೊದ್ದಾಗಿದ್ದ ಊಟ ಒಂದು ಸಹಿಯಿಂದ ಪರದೇಶದ್ದಾಯಿತೆ?

ಮೂಲವಾದರೂ ಬೆರಕೆಯಿಲ್ಲದ್ದೇನೂ ಅಲ್ಲ. ಪ್ರಸಿದ್ಧವಾದ ಮೋಲೆ ಎಂಬ ಮಸಾಲೆಯ ವ್ಯಂಜನದಲ್ಲಿ ನಾಡಿನ ಮೆಣಸಿನಕಾಯಿ, ಕೋಕೊಗಳೊಡನೆ ಸಮುದ್ರದಾಚೆಯ ದಾಲ್ಚಿನ್ನಿ, ಲವಂಗ, ಎಳ್ಳು ಸೇರಿವೆ. ಮೆಕ್ಸಿಕೊ ನಗರದ ಬೀದಿಗಳ ಹೆಮ್ಮೆಯಾದ 'ಅಲ್ ಪಾಸ್ಟೋರ್' ಟಾಕೊಗೆ ಲೆಬನಾನಿನಿಂದ ಬಂದ ವಲಸೆಗಾರರ ನಿಲುಗಂಬಿಯ ಮಾಂಸವೇ ಮೂಲ. ಅಷ್ಟೇಕೆ, ಅದೇ ಅಮೆರಿಕ ಖಂಡದ ಮೆಣಸಿನಕಾಯಿ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದಿಳಿಯಿತು. ಅದರಿಂದ ನಮ್ಮ ಸಾರು ಕುಲಗೆಟ್ಟಿತೆಂದು ಇಂದು ಯಾರೂ ಅನ್ನುವುದಿಲ್ಲ.

ಗಡಿಯ ಅಡಿಗೆಯನ್ನು ಕಟ್ಟಿದ ಕೈಗಳೂ ಮೆಕ್ಸಿಕನ್ನರವೇ. 1940ರ ದಶಕದಲ್ಲಿ ನದಿಯ ದಕ್ಷಿಣ ದಡದ ಪಿಯೆದ್ರಾಸ್ ನೆಗ್ರಾಸ್ ಪಟ್ಟಣದಲ್ಲಿ, ಗಡಿ ದಾಟಿ ಬಂದ ಅಮೆರಿಕನ್ ಮಹಿಳೆಯರಿಗಾಗಿ ಇಗ್ನಾಸಿಯೊ ಅನಾಯ ಎಂಬವರು ಕರಿದ ಟೋರ್ಟಿಯ ಚೂರುಗಳ ಮೇಲೆ ಚೀಸು, ಮೆಣಸಿನಕಾಯಿಗಳನ್ನಿಟ್ಟು ಬಡಿಸಿದರು. ಇಗ್ನಾಸಿಯೊ ಎಂಬುದರ ಮುದ್ದಿನ ಹೆಸರೇ 'ನಾಚೊ'. ಅಮೆರಿಕನ್ನರದೆಂದು ಎಲ್ಲರೂ ನಗುವ ಗಟ್ಟಿ ಟಾಕೊ ಕರಿಯುವ ಸಾಧನಕ್ಕೆ 1950ರಲ್ಲಿ ಪೇಟೆಂಟ್ ಪಡೆದವರು ನ್ಯೂಯಾರ್ಕಿನಲ್ಲಿ ಹೋಟೆಲು ನಡೆಸುತ್ತಿದ್ದ ಮೆಕ್ಸಿಕೊದ ಹುವೆನ್ಸಿಯೊ ಮಾಲ್ಡೊನಾಡೊ.

ಹಾಗಾದರೆ ನಷ್ಟವೇ ಆಗಲಿಲ್ಲವೆ? ಆಗಿದೆ. ಬಗೆಬಗೆಯ ಮೆಣಸಿನಕಾಯಿಗಳ ಸೂಕ್ಷ್ಮ ರುಚಿಭೇದವನ್ನು ಡಬ್ಬಿಯ ಒಂದೇ ಪುಡಿ ನುಂಗಿತು. ಅದಕ್ಕಿಂತಲೂ ದೊಡ್ಡ ನಷ್ಟ ಮತ್ತೊಂದುಂಟು. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದ ಚೌಕಗಳಲ್ಲಿ 19ನೆಯ ಶತಮಾನದ ಉತ್ತರಾರ್ಧದಿಂದ ಮೆಕ್ಸಿಕನ್ ಹೆಂಗಸರು ರಾತ್ರಿಯ ಹೊತ್ತು ದೀಪಗಳ ಬೆಳಕಿನಲ್ಲಿ 'ಚಿಲಿ ಕಾನ್ ಕಾರ್ನೆ'ಯೆಂಬ ಖಾರದ ಮಾಂಸದಡಿಗೆಯನ್ನು ಮಾರುತ್ತಿದ್ದರು. ಜನ ಅವರನ್ನು 'ಚಿಲಿ ರಾಣಿಯರು' ಎಂದು ಕರೆದರು. 1890ರ ದಶಕದಲ್ಲಿ ಜರ್ಮನ್ ವಲಸೆಗಾರ ವಿಲಿಯಂ ಗೆಬ್‌ಹಾರ್ಟ್ ಆ ರುಚಿಯನ್ನು ಪುಡಿ ಮಾಡಿ ಮಾರಾಟಕ್ಕಿಟ್ಟು ಹೆಸರು ಗಳಿಸಿದರು. 1930-40ರ ದಶಕಗಳಲ್ಲಿ ನಗರದ ಆರೋಗ್ಯ ನಿಯಮಗಳು ಆ ಹೆಂಗಸರನ್ನು ಚೌಕದಿಂದ ಎಬ್ಬಿಸಿದವು. 1977ರಲ್ಲಿ ಟೆಕ್ಸಾಸಿನ ಶಾಸನಸಭೆ ಅದೇ ಚಿಲಿಯನ್ನು ರಾಜ್ಯದ ಅಧಿಕೃತ ಭಕ್ಷ್ಯವೆಂದು ಸಾರಿತು! ಅಡಿಗೆಗೆ ಸಿಂಹಾಸನ ದೊರೆಯಿತು. ಅಟ್ಟವರಿಗೆ ಬೀದಿಯೂ ಉಳಿಯಲಿಲ್ಲ.

ಆದುದರಿಂದ ಈ ಅಡಿಗೆಯನ್ನು ತೂಗುವಾಗ ಅದು ಶುದ್ಧವೋ ಬೆರಕೆಯೋ ಎಂಬ ಪ್ರಶ್ನೆ ಮುಖ್ಯವಲ್ಲ. ಬೆರೆಯುವುದು ಅನ್ನದ ಸಹಜ ಗುಣ. ಅಟ್ಟವರು ಯಾರು, ಉಂಡವರು ಯಾರು, ಲಾಭವೂ ಕೀರ್ತಿಯೂ ಯಾರಿಗೆ ಸಂದವು ಎಂದು ಕೇಳಬೇಕು. ಗಡಿಯಾಚೆಯ ಅಡಿಗೆಯನ್ನು ಸುಳ್ಳೆಂದು ತಳ್ಳಿಹಾಕುವವರು, ನಾಡನ್ನು ಕಳೆದುಕೊಂಡರೂ ಒಲೆಯನ್ನು ಆರಗೊಡದ ಒಂದು ಜನದ ಬಾಳನ್ನೇ ಸುಳ್ಳೆಂದಂತೆ ಆಗುವುದಿಲ್ಲವೆ?