ಹೆದ್ದಾರಿಯಲ್ಲಿ ಸಂಖ್ಯಾರೇಖೆ, ಹಾಲಿನ ಪುಸ್ತಕದಲ್ಲಿ ಸರಾಸರಿ

ನಿಮ್ಮ ಮಗಳು ಸರಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದಾಳೆಯೇ? ಹಾಗಿದ್ದರೆ ಎನ್‌ಎಂಎಂಎಸ್ ಪರೀಕ್ಷೆಯ ಬಗ್ಗೆ ಮುಖ್ಯೋಪಾಧ್ಯಾಯರಲ್ಲಿ ಇಂದೇ ವಿಚಾರಿಸಿ. ಇದು 2008ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ವಿದ್ಯಾರ್ಥಿವೇತನ ಯೋಜನೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದ ಮಕ್ಕಳು ನಿಯಮದಂತೆ ಓದು ಮುಂದುವರಿಸಿದರೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ನಾಲ್ಕು ವರ್ಷಕ್ಕೆ 48,000. "ಹತ್ತನೇ ತರಗತಿ ಆಯಿತಲ್ಲ, ಇನ್ನು ಸಾಕು" ಎನ್ನುವ ಮನೆಗಳಲ್ಲಿ ಈ ಹಣ ಒಬ್ಬ ಹೆಣ್ಣುಮಗಳ ಪಿಯುಸಿಯನ್ನು ಉಳಿಸಬಲ್ಲದು.

ಇಂತಹ ಪರೀಕ್ಷೆಗಳಲ್ಲಿ ಸುಲಭವಾಗಿ ಕಂಡರೂ ಅವಸರದಲ್ಲಿ ತಪ್ಪುವ ಲೆಕ್ಕಗಳು ಎರಡು: ಸಂಖ್ಯಾರೇಖೆ ಮತ್ತು ಸರಾಸರಿ. ಇವನ್ನು ಕಲಿಸಲು ತಾಯಿ ಪದವೀಧರೆ ಆಗಬೇಕಿಲ್ಲ.

ರಸ್ತೆಯೇ ಪಾಠ

ಮದ್ದೂರು ತಾಲೂಕಿನ ನಿಡಘಟ್ಟವನ್ನೇ ತೆಗೆದುಕೊಳ್ಳಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯನ್ನು ಎರಡು ಭಾಗವಾಗಿ ನಿರ್ಮಿಸಿದಾಗ ಅವು ಕೂಡಿದ್ದು ಇಲ್ಲಿಯೇ. ಬೆಂಗಳೂರಿನ ಕಡೆಗೆ ಸುಮಾರು 56 ಕಿ.ಮೀ., ಮೈಸೂರಿನ ಕಡೆಗೆ ಸುಮಾರು 61 ಕಿ.ಮೀ.

ಒಂದು ಗೆರೆ ಎಳೆಯಿರಿ. ನಿಡಘಟ್ಟ ಸೊನ್ನೆ. ಬಲಕ್ಕೆ ಬೆಂಗಳೂರು +56, ಎಡಕ್ಕೆ ಮೈಸೂರು -61. ಎರಡರ ನಡುವಿನ ದೂರ ಎಷ್ಟು? 61ರಲ್ಲಿ 56 ಕಳೆದು 5 ಎಂದು ಬರೆಯುವ ಮಕ್ಕಳಿದ್ದಾರೆ. ರಸ್ತೆಯನ್ನು ನೆನಪಿಸಿಕೊಂಡವರು ಹಾಗೆ ಬರೆಯಲಾರರು. ಸೊನ್ನೆಯ ಆಚೆಗೊಂದು, ಈಚೆಗೊಂದು ಇದ್ದರೆ ದೂರಗಳನ್ನು ಕೂಡಬೇಕು: 117.

ನಡುಬಿಂದು ಎಲ್ಲಿ? +56 ಮತ್ತು -61ನ್ನು ಕೂಡಿದರೆ -5. ಅದರ ಅರ್ಧ -2.5. ಅಂದರೆ ನಿಡಘಟ್ಟದಿಂದ ಮದ್ದೂರಿನ ಕಡೆಗೆ ಎರಡೂವರೆ ಕಿ.ಮೀ. ನೋಡಿ, ನಡುಬಿಂದು ಎಂಬುದು ಸರಾಸರಿಯೇ!

ಇನ್ನೊಂದು ಎಚ್ಚರಿಕೆ. 0 ಮತ್ತು 1ರ ನಡುವೆ ಸಮಾನ ಅಂತರದಲ್ಲಿ ನಾಲ್ಕು ಗೆರೆಗಳಿದ್ದರೆ ಮೊದಲ ಗೆರೆ 1/4 ಅಲ್ಲ, 1/5. ಎಣಿಸಬೇಕಾದುದು ಗೆರೆಗಳನ್ನಲ್ಲ, ಅವುಗಳ ನಡುವಿನ ಅಂತರಗಳನ್ನು.

ಹಾಲಿನ ಲೆಕ್ಕ

ಡೈರಿಗೆ ಹಾಲು ಹಾಕುವ ಮನೆಯ ಪುಸ್ತಕ ತೆರೆಯಿರಿ. ನಾಲ್ಕು ದಿನ ಸರಾಸರಿ 6 ಲೀಟರ್. ಐದನೇ ದಿನವೂ ಸೇರಿ ಸರಾಸರಿ 7 ಆಯಿತು ಎಂದುಕೊಳ್ಳಿ. ಐದನೇ ದಿನ ಹಾಕಿದ ಹಾಲೆಷ್ಟು? ಅವಸರದ ಉತ್ತರ 8. ಸರಿಯಾದ ಉತ್ತರ 11.

ಸರಾಸರಿ ಕಂಡ ಕೂಡಲೇ ಮೊತ್ತಕ್ಕೆ ಹೋಗಬೇಕು. ಐದು ದಿನಕ್ಕೆ 35, ನಾಲ್ಕು ದಿನಕ್ಕೆ 24, ವ್ಯತ್ಯಾಸ 11. ಸಂಖ್ಯಾರೇಖೆಯಲ್ಲೂ ನೋಡಬಹುದು. ಏಳಕ್ಕೆ ಹೋಲಿಸಿದರೆ ನಾಲ್ಕು ದಿನವೂ ಒಂದೊಂದು ಲೀಟರ್ ಕೊರತೆ. ಆ ನಾಲ್ಕು ಲೀಟರ್ ಸಾಲವನ್ನು ಐದನೇ ದಿನ ಒಂದೇ ತೀರಿಸಬೇಕು: 7 + 4 = 11.

ಇದೇ ಉಪಾಯದಿಂದ 12, 15, 18, 19ರ ಸರಾಸರಿ ಹುಡುಕಿ. 15ನ್ನು ಸೊನ್ನೆಯಂತೆ ಇಟ್ಟುಕೊಂಡರೆ -3, 0, +3, +4. ಮೊತ್ತ 4, ನಾಲ್ಕರಿಂದ ಭಾಗಿಸಿದರೆ 1. ಉತ್ತರ 16.

ಸಾಲ ಮತ್ತು ಆಸ್ತಿಯ ರೂಪದಲ್ಲಿ ಋಣ, ಧನ ಸಂಖ್ಯೆಗಳ ನಿಯಮ ಹೇಳಿದವರು 7ನೇ ಶತಮಾನದ ಬ್ರಹ್ಮಗುಪ್ತ. 9ನೇ ಶತಮಾನದ ಬಗ್ದಾದ್‌ನಲ್ಲಿ ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ವಿಧಾನವನ್ನು ಬರೆದವರು ಅಲ್ ಖ್ವಾರಿಝ್ಮಿ. ಹೀಗಿರುವಾಗ ಗಣಿತ ನಮ್ಮ ಹೆಣ್ಣುಮಕ್ಕಳಿಗೆ ಹೇಳಿದ್ದಲ್ಲ ಎಂದು ನಾವೇಕೆ ಭಾವಿಸಬೇಕು?

ಇಂದು ಮಗ್ರಿಬ್ ನಮಾಝ್ ಬಳಿಕ ಟಿವಿ ಆರಿಸಿ, ಮಗಳ ಪಕ್ಕದಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ಉತ್ತರವನ್ನು ಮಾತ್ರ ಕೇಳಬೇಡಿ. "ಇದು ಹೇಗೆ ಬಂತು, ನನಗೂ ಹೇಳಿಕೊಡಮ್ಮಾ" ಎನ್ನಿ. ನಿಮಗೆ ಅರ್ಥವಾಗುವಂತೆ ಹೇಳಬಲ್ಲ ಮಗಳು ಇನ್ಶಾ ಅಲ್ಲಾಹ್ ಪರೀಕ್ಷೆಯಲ್ಲೂ ಎಡವಲಾರಳು.