ಮಂಡಿ, ಮಾವು, ಮೂರ್ತಿ: ಕೋಲಾರ ಸೀಮೆಯ ನಾಲ್ಕು ಪೇಟೆಗಳು

ಕಡಲ ತಡಿಯ ವಿಹಾರಪಟ್ಟಣಗಳ ಅಂಗಡಿಗಳು ಪ್ರವಾಸಿಗನನ್ನೇ ನೆಚ್ಚಿಕೊಂಡಿದ್ದರೆ, ಕಡಲಿಗೂ ವರ್ಷವಿಡೀ ಹರಿಯುವ ನದಿಗೂ ದೂರವಾದ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರಗಳ ಪೇಟೆಗಳು ಮೊದಲಿನಿಂದಲೂ ಬೆಳೆಗಾರನನ್ನು ಮತ್ತು ಸರಕು ತುಂಬಿಕೊಂಡು ಹೋಗುವ ಗಾಡಿಯನ್ನು ಎದುರು ನೋಡುತ್ತ ಬೆಳೆದಂಥವು. ಇಲ್ಲಿ ವಸ್ತು ಬಂದು ನಿಲ್ಲುವುದಕ್ಕಿಂತ ಹೊರಟು ಹೋಗುವುದೇ ಹೆಚ್ಚಾದ್ದರಿಂದ, ಕೊಳ್ಳಲು ಬರುವವರು ಅಂಗಡಿಯ ಹೆಸರಿಗಿಂತ ಮೊದಲು ಸರಕಿನ ಕಾಲವನ್ನೂ ಹೊತ್ತನ್ನೂ ತಿಳಿದಿರಬೇಕಾಗುತ್ತದೆ.

ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯ ಟೊಮೆಟೊ ಮಂಡಿಗಳು ಇದಕ್ಕೆ ಒಳ್ಳೆಯ ನಿದರ್ಶನ. ರೈತನ ಮಾಲನ್ನು ಇಳಿಸಿಕೊಂಡು, ಹರಾಜು ಹಾಕಿಸಿ, ತನ್ನ ಕಮಿಷನ್ ಹಿಡಿದುಕೊಂಡು ಉಳಿದ ಹಣವನ್ನು ಚೀಟಿಯ ಲೆಕ್ಕದಲ್ಲಿ ಕೊಡುವ ದಲ್ಲಾಳಿಯ ಮಳಿಗೆಗೆ ಮಂಡಿ ಎಂದು ಹೆಸರು. ಇಲ್ಲಿ ಅಳತೆ 15 ಕಿಲೋ ಹಿಡಿಯುವ ಪ್ಲಾಸ್ಟಿಕ್ ಬಾಕ್ಸಿನದು. ಸಾಲಾಗಿ ಜೋಡಿಸಿದ ಬಾಕ್ಸುಗಳ ನಡುವೆ ಹರಾಜು ಕೂಗುವವನು ಕನ್ನಡ, ತೆಲುಗು, ಉರ್ದು ಮೂರನ್ನೂ ಕಲಸಿ ಬೆಲೆ ಏರಿಸುತ್ತ ನಡೆದರೆ, ಹೊರರಾಜ್ಯದ ವ್ಯಾಪಾರಿಗಳು ಹಣ್ಣಿನ ಗಾತ್ರ, ಬಣ್ಣ, ಗಟ್ಟಿತನಗಳನ್ನು ನೋಡಿ, ದೂರದ ದಾರಿಯನ್ನು ತಡೆಯುವುದೋ ಇಲ್ಲವೋ ಎಂದು ತೂಗಿ ಕೂಗುತ್ತಾರೆ. 2023ರ ಜುಲೈನಲ್ಲಿ ಒಂದು ಬಾಕ್ಸಿನ ಬೆಲೆ 2,000 ರೂಪಾಯಿಯನ್ನು ದಾಟಿದ್ದೂ ಇದೇ ಅಂಗಳದಲ್ಲಿ, ಕಿತ್ತ ಕೂಲಿಯೂ ಹುಟ್ಟದೆ ಹಣ್ಣು ರಸ್ತೆಗೆ ಬಿದ್ದ ವರ್ಷಗಳನ್ನು ಕಂಡಿರುವುದೂ ಇದೇ ಸೀಮೆ. ಮನೆಗೆ ಎರಡು ಕಿಲೋ ಬೇಕಾದವರಿಗೆ ಮಂಡಿಯಲ್ಲಿ ಕೆಲಸವಿಲ್ಲ; ಅವರು ಊರೊಳಗಿನ ತರಕಾರಿ ಅಂಗಡಿಗಳಿಗೇ ಹೋಗಬೇಕು. 1911ರ ಬ್ರಿಟಾನಿಕಾ ವಿಶ್ವಕೋಶವು ಕೋಲಾರದ ಕಸುಬುಗಳೆಂದು ಹೆಸರಿಸುವುದು ಕಂಬಳಿ ನೇಯ್ಗೆಯನ್ನು ಮತ್ತು ರಫ್ತಿಗಾಗಿ ಟರ್ಕಿ ಕೋಳಿ ಸಾಕುವುದನ್ನು. ಟೊಮೆಟೊ ಹೆಸರೇ ಇಲ್ಲದ ಈ ಮಾತು ಇಂದಿನ ಓದುಗನಿಗೆ ಬೇರಾವುದೋ ಊರಿನ ವರ್ಣನೆಯಂತೆ ಕಂಡರೆ ಆಶ್ಚರ್ಯವಿಲ್ಲ.

ಶ್ರೀನಿವಾಸಪುರದ ಪೇಟೆ ನಿಜವಾಗಿ ತೆರೆಯುವುದು ಬೇಸಿಗೆಯ ಕೆಲವೇ ತಿಂಗಳು. ಬೇರೆಡೆ ಆಲ್ಫಾನ್ಸೊ ಎನಿಸಿಕೊಳ್ಳುವ ಬಾದಾಮಿ, ರಸಪುರಿ, ಸೇಂದೂರ, ಬೇನಿಷಾ, ಮಲ್ಲಿಕಾ, ಕೊನೆಗೆ ಬರುವ ನೀಲಂ ಇವೆಲ್ಲ ಬಾಯಿಗೆ ರುಚಿಯಾದರೂ, ಮಂಡಿಗಳನ್ನು ಸಾಕುವುದು ಗಿಣಿಮೂತಿಯ ತೋತಾಪುರಿಯೇ, ಏಕೆಂದರೆ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಬೇಕಾದುದು ಅದು. ಆ ಕಾರ್ಖಾನೆಗಳಲ್ಲಿ ಬಹಳಷ್ಟು ಗಡಿಯಾಚೆಯ ಚಿತ್ತೂರು ಸೀಮೆಯಲ್ಲಿರುವುದರಿಂದ, 2025ರ ಜೂನ್‌ನಲ್ಲಿ ಅಲ್ಲಿನ ಜಿಲ್ಲಾಡಳಿತ ಹೊರಗಿನ ತೋತಾಪುರಿಗೆ ತಡೆ ಹಾಕಿದಾಗ ಇಲ್ಲಿನ ಬೆಳೆಗಾರರು ಬೀದಿಗಿಳಿಯಬೇಕಾಯಿತು, ಎರಡು ಸರ್ಕಾರಗಳ ನಡುವೆ ಪತ್ರ ಓಡಾಡಿತು. ಹಣ್ಣು ಕೊಳ್ಳುವವರು ಮೈಬಣ್ಣಕ್ಕೆ ಮರುಳಾಗದೆ ತೊಟ್ಟಿನ ಕಡೆ ನೋಡುವುದು ಕ್ಷೇಮ. ಕೀಳುವಾಗ ತುಸು ತೊಟ್ಟು ಉಳಿಸದಿದ್ದರೆ ಸೊನೆ, ಅಂದರೆ ತೊಟ್ಟು ಮುರಿದಲ್ಲಿ ಒಸರುವ ಅಂಟುರಸ, ಸಿಪ್ಪೆಯ ಮೇಲೆ ಹರಿದು ಕಪ್ಪು ಗೆರೆ ಮೂಡಿಸುತ್ತದೆ. ಹುಲ್ಲಿನಲ್ಲಿ ಹಣ್ಣಾದುದು ತೊಟ್ಟಿನ ಬುಡದಲ್ಲಿ ಘಮ್ಮೆಂದರೆ, ನಿಷೇಧಿತ ಕಾರ್ಬೈಡಿನಿಂದ ಬಣ್ಣ ಬಂದುದಕ್ಕೆ ಹಳದಿ ಇರುತ್ತದೆ, ಘಮ ಇರುವುದಿಲ್ಲ.

ಹೂವು, ತರಕಾರಿ, ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಮಾಲೂರಿನ ಪೇಟೆಯಲ್ಲಿ ಹೊರಗಿನವರು ತಿರುಗಾಡಿ ನೋಡುವಂಥದ್ದು ಹೆಚ್ಚೇನೂ ಇಲ್ಲ. ಆದರೆ ಅದೇ ತಾಲ್ಲೂಕಿನ ಶಿವಾರಪಟ್ಟಣಕ್ಕಾಗಿಯೇ ಮಾಲೂರಿನ ದಾರಿ ಹಿಡಿಯಬಹುದು. ದೇವಾಲಯಗಳಿಗೆ ವಿಗ್ರಹ ಕಡೆದುಕೊಡುವ ಶಿಲ್ಪಿಗಳ ಈ ಊರಿನಲ್ಲಿ ಮನೆಯೂ ಕಾರ್ಯಾಗಾರವೂ ಬೇರೆಬೇರೆಯಲ್ಲ. ಜಗಲಿಯ ಮೇಲೆ ಅರೆ ಮೂಡಿದ ಗಣಪತಿ, ಅಂಗಳದಲ್ಲಿ ಮಲಗಿಸಿದ ನಂದಿ, ಎಲ್ಲದರ ಮೇಲೂ ಬೂದುಬಣ್ಣದ ಕಲ್ಲಿನ ಹುಡಿ. ಶಿಲ್ಪಶಾಸ್ತ್ರವು ಕಲ್ಲನ್ನು ಅದರ ನಾದದಿಂದ ವಿಂಗಡಿಸುತ್ತದೆ: ಬಡಿದಾಗ ಗಂಟೆಯಂತೆ ಮೊಳಗುವುದು ಪುರುಷಶಿಲೆ, ಮೆತ್ತನೆ ನಾದದ್ದು ಸ್ತ್ರೀಶಿಲೆ, ನಾದವೇ ಇಲ್ಲದ್ದು ನಪುಂಸಕಶಿಲೆ. ಪೂಜೆಯ ಮೂರ್ತಿಗೆ ಮೊದಲೆರಡೇ ಸಲ್ಲುತ್ತವೆ. ವಿಗ್ರಹದ ಕಣ್ಣು ತೆರೆಸುವ ನೇತ್ರೋನ್ಮೀಲನ ಪ್ರತಿಷ್ಠೆಯ ಅಂಗವಾದುದರಿಂದ, ಇಲ್ಲಿ ಎಲ್ಲ ಮುಗಿದಂತೆ ಕಾಣುವ ದೇವರೂ ಸಂಪ್ರದಾಯದ ಲೆಕ್ಕದಲ್ಲಿ ಇನ್ನೂ ಕಲ್ಲೇ. ಗುಡಿಯ ಮೂರ್ತಿಯನ್ನು ಮುಂಗಡ ಕೊಟ್ಟು, ಅಳತೆ ಹೇಳಿ ಮಾಡಿಸಿಕೊಳ್ಳುವುದು ರೂಢಿ. ನಿಂತ ಕಾಲಲ್ಲಿ ಕೊಂಡೊಯ್ಯಬಯಸುವವರಿಗೆ ಸಣ್ಣ ಮೂರ್ತಿಗಳೂ ಸಿಗುತ್ತವೆ.

‘ಮೂಡಲ ಬಾಗಿಲು’ ಎಂಬುದೇ ಸವೆದು ಮುಳಬಾಗಿಲಾಯಿತೆಂಬುದು ಪ್ರಚಲಿತ ವಿವರಣೆ. ಡಿ.ವಿ.ಜಿ. 1887ರಲ್ಲಿ ಹುಟ್ಟಿದ ಈ ಊರು ಬೆಂಗಳೂರಿನ ಹೋಟೆಲುಗಳ ಫಲಕಗಳಿಗೆ ಏರಿರುವುದು ಮಾತ್ರ ದೋಸೆಯ ಹೆಸರಿನಿಂದ. ತುಪ್ಪದಲ್ಲಿ ತಳ ಗರಿಗರಿಯಾಗಿ ಕೆಂಪೇರಿ, ನಡು ಮೆತ್ತಗೆ ಉಳಿಯುವ ಈ ದೋಸೆಯನ್ನು ಪೊಟ್ಟಣ ಕಟ್ಟಿಸಿಕೊಂಡು ಹೋದರೆ ಗರಿಯೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಇದೇ ತಾಲ್ಲೂಕಿನ ಆವಣಿಯಲ್ಲಿ, ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯ ಸಮೂಹದ ಆಸುಪಾಸಿನಲ್ಲಿ, ಶಿವರಾತ್ರಿಯ ಹೊತ್ತಿಗೆ ದನಗಳ ಜಾತ್ರೆ ಕೂಡುತ್ತದೆ. ದನದ ಜಾತ್ರೆಗಳಲ್ಲಿ ಬೆಲೆಯನ್ನು ಕೂಗಿ ಹೇಳದೆ, ಟವೆಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ತಿಳಿಸುವುದು ಹಳೆಯ ಪದ್ಧತಿ. ಹಿಡಿದ ಬೆರಳುಗಳ ಎಣಿಕೆಯೇ ಬೆಲೆಯಾದ್ದರಿಂದ ಪಕ್ಕದಲ್ಲಿ ನಿಂತವನಿಗೂ ಗುಟ್ಟು ತಿಳಿಯದು. ಎತ್ತು ಬೇಡದವರಿಗೂ ಇಂಥ ಜಾತ್ರೆಯಲ್ಲಿ ಕೊಳ್ಳಲು ಹಗ್ಗ, ಮೂಗುದಾರ, ಹಿತ್ತಾಳೆಯ ಗೆಜ್ಜೆ, ಕೊರಳ ಗಂಟೆಗಳುಂಟು, ಮತ್ತು ಗಂಟೆಯನ್ನು ಆರಿಸುವ ರೈತನೂ ಶಿವಾರಪಟ್ಟಣದ ಶಿಲ್ಪಿಯಂತೆ ಮೊದಲು ಬಡಿದು, ಕಿವಿಗೊಟ್ಟು, ಆಮೇಲೆ ಚೌಕಾಸಿಗೆ ಇಳಿಯುತ್ತಾನೆ.