ಮಾತ್ರೆ ಬದಲಿಸುವ ಮುನ್ನ: ಆದೋನಿಯಿಂದ ಒಂದು ಅನುಭವ

ಅಂಗಡಿಗೆ ಬೀಗ ಹಾಕಿ ಒಮ್ಮೆ ಎಳೆದು ನೋಡುವುದು ವ್ಯಾಪಾರಸ್ಥನ ಜಾಣತನ. ಮನೆ ಮುಟ್ಟಿದವನು ಮತ್ತೆ ಬಂದು ಎಳೆದು, ಹಾಸಿಗೆಗೆ ಹೋದ ಮೇಲೂ ಎದ್ದು ಬಂದು ನೋಡುವುದು ಕಾಯಿಲೆ. ಹೊಲಕ್ಕೆ ಎಣ್ಣೆ ಹೊಡೆದ ಕೈಯನ್ನು ಸೋಪು ಹಚ್ಚಿ ತೊಳೆಯುವುದು ರೈತನ ಎಚ್ಚರಿಕೆ. ಚರ್ಮ ಬಿರಿದು ರಕ್ತ ಬರುವ ತನಕ ತೊಳೆಯುವುದು ಕಾಯಿಲೆ. ವೈದ್ಯರು ಇದಕ್ಕೆ ‘ಗೀಳು ಕಾಯಿಲೆ’ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಒಸಿಡಿ. ನಮ್ಮ ಆದೋನಿ ಕಡೆ ತೆಲುಗಿನಲ್ಲಿ ‘ಚಾದಸ್ತಂ’ ಅಂತ ನಕ್ಕು ಬಿಡ್ತಾರೆ. ಕನ್ನಡದ ಮನೆಗಳಲ್ಲಿ ‘ಅತಿ ಮಡಿ’ ಅಂತಾರೆ. ಎರಡೂ ಭಾಷೆಯಲ್ಲಿ ಹೆಸರು ಐತಿ, ಆದರೆ ಎರಡರಲ್ಲೂ ಅದು ಕಾಯಿಲೆಯ ಹೆಸರಲ್ಲ.

ನಾನು ಹತ್ತಿ, ಶೇಂಗಾ ದಲಾಲಿ ಅಂಗಡಿ ಇಟ್ಟವನು. ಹಳ್ಳಿಯಲ್ಲಿ ಹೊಲವೂ ಐತಿ. ಹತ್ತಿಗೆ ಹೊಡೆಯುವ ಎಣ್ಣೆ ನನ್ನ ಕೈಗೆ ಅಂಟಿ, ಮಕ್ಕಳ ತಾಟಿಗೆ ಹೋಯ್ತೇನೋ ಅನ್ನುವ ಯೋಚನೆ ನನ್ನನ್ನು ನಾಲ್ಕು ವರ್ಷ ಹಿಡಿದಿತ್ತು. ಅದು ಸುಳ್ಳು ಅಂತ ಗೊತ್ತು, ಆದರೂ ಕೈ ನಲ್ಲಿಗೇ ಹೋಗೋದು. ಹೀಗೆ ದಣಿದು ದಣಿದು ಮನಸ್ಸು ಕುಗ್ಗಿತು. ಗಿರಾಕಿ ಬೇಡ, ಊಟ ಬೇಡ, ಕೊನೆಗೆ ಬದುಕೇ ಬೇಡ ಅನ್ನುವಲ್ಲಿಗೆ ಬಂತು. ಗೀಳಿನ ಜೊತೆ ಖಿನ್ನತೆಯೂ ಬರುವುದು ಅಪರೂಪವಲ್ಲ. ಗುಣ ಕಾಣುವ ತನಕ ನನಗೆ ಮೂರು ಮಾತ್ರೆ ಬದಲಾದವು. ಆ ದಾರಿಯಲ್ಲಿ ತಿಳಿದದ್ದನ್ನು ಗಡಿ ಭಾಗದ ನಮ್ಮ ಮಂದಿಗೆ ಹೇಳಬೇಕೆನ್ನಿಸಿ ಬರೆಯುತ್ತಿದ್ದೇನೆ.

ಮೊದಲ ಮಾತ್ರೆ

ಎರಡೂ ಕಾಯಿಲೆಗೆ ಒಂದೇ ಗುಂಪಿನ ಮಾತ್ರೆಗಳು ಕೆಲಸ ಮಾಡುತ್ತವೆ. ಫ್ಲುಯೊಕ್ಸೆಟಿನ್, ಸರ್ಟ್ರಾಲಿನ್, ಫ್ಲುವೊಕ್ಸಮಿನ್, ಎಸಿಟಲೊಪ್ರಾಮ್, ಪ್ಯಾರಾಕ್ಸೆಟಿನ್ ಇವೆಲ್ಲ ಆ ಗುಂಪಿನವು. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಇವುಗಳ ಕೆಲಸ. ಒಂದು ಇನ್ನೊಂದಕ್ಕಿಂತ ಮೇಲು ಅಂತ ಹೇಳಲಾಗದು. ವಯಸ್ಸು, ಹೃದಯದ ಸ್ಥಿತಿ, ಬೇರೆ ಕಾಯಿಲೆಗೆ ನುಂಗುವ ಮಾತ್ರೆ, ಹೆಂಗಸರಾದರೆ ಬಸಿರು, ಮನೆಯಲ್ಲಿ ಇನ್ನೊಬ್ಬರಿಗೆ ಯಾವುದು ಹಿಡಿಸಿತ್ತು, ಜೇಬಿಗೆ ಯಾವುದು ಹೊಂದುತ್ತದೆ ಎಲ್ಲ ನೋಡಿ ವೈದ್ಯರು ಆರಿಸುತ್ತಾರೆ. ಮನೆತನದಲ್ಲಿ ಯಾರಿಗಾದರೂ ಅತಿ ಉನ್ಮಾದ ಬಂದದ್ದುಂಟೋ ಎಂದೂ ಕೇಳುತ್ತಾರೆ. ಮುಚ್ಚಿಡಬಾರದು. ಅಂಥವರಿಗೆ ಈ ಮಾತ್ರೆ ಉನ್ಮಾದ ಎಬ್ಬಿಸಬಹುದು.

ನನಗೆ ಮೊದಲು ಬಂದದ್ದು ಫ್ಲುಯೊಕ್ಸೆಟಿನ್ 20 ಮಿಲಿಗ್ರಾಂ. ಐದು ವಾರಕ್ಕೆ ಮನಸ್ಸು ಹಗುರಾಯ್ತು, ಊಟ ಸೇರಿತು. ಕೈ ತೊಳೆಯೋದು ಮಾತ್ರ ಹಂಗೇ. ಇಲ್ಲೇ ಬಹಳ ಮಂದಿ ‘ಈ ಗುಳಿಗೆ ನಮಗೆ ಹಿಡಿಸಲಿಲ್ಲ’ ಅಂತ ವೈದ್ಯರನ್ನೇ ಬದಲಿಸುತ್ತಾರೆ. ಖಿನ್ನತೆಗೆ ನಾಲ್ಕರಿಂದ ಆರು ವಾರ ಸಾಕಾಗಬಹುದು. ಗೀಳಿಗೆ ಪ್ರಮಾಣವೂ ಹೆಚ್ಚು ಬೇಕು, ಕಾಲವೂ ಹೆಚ್ಚು ಬೇಕು. ಫ್ಲುಯೊಕ್ಸೆಟಿನ್ ಆದರೆ 40ರಿಂದ 60, ಕೆಲವರಿಗೆ 80 ಮಿಲಿಗ್ರಾಂ. ಅದೂ ಎಂಟರಿಂದ ಹನ್ನೆರಡು ವಾರ. ಬಿತ್ತಿದ ಮರುದಿನವೇ ಮಣ್ಣು ಕೆದರಿ ಮೊಳಕೆ ಹುಡುಕಿದರೆ ಹೆಂಗೆ?

ತೂಕ ಹಾಕಿ ನೋಡಬೇಕು

ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ಅಂದಾಜಿನಲ್ಲಿ ಹೇಳಬಾರದು. ಹತ್ತಿಯನ್ನು ತೂಕ ಹಾಕದೆ ಲೆಕ್ಕ ಚುಕ್ತಾ ಮಾಡ್ತೀವೇನು? ಗೀಳಿಗೂ 40 ಅಂಕದ ಒಂದು ಅಳತೆ ಪಟ್ಟಿ ಐತಿ. ದಿನಕ್ಕೆ ಎಷ್ಟು ಹೊತ್ತು ಯೋಚನೆ, ಎಷ್ಟು ಹೊತ್ತು ತೊಳೆಯುವುದು, ಎಷ್ಟು ಸಂಕಟ, ಎಷ್ಟು ತಡೆಯಲಾದೀತು ಅಂತ ಕೇಳಿ ಅಂಕ ಹಾಕುತ್ತಾರೆ. ನನ್ನದು ಮೊದಲು 28. ಅರವತ್ತು ಮಿಲಿಗ್ರಾಂ ಮಾತ್ರೆ ಹನ್ನೆರಡು ವಾರ ನುಂಗಿದ ಮೇಲೆ 25. ಆಗ ಬದಲಿಸುವ ಮಾತು ಬಂತು. ಮೊದಲ ಮಾತ್ರೆಗೇ ಎಲ್ಲರಿಗೂ ಗುಣ ಬರುವುದಿಲ್ಲ. ಸುಮಾರು ಅರ್ಧ ಮಂದಿಗೆ ಎರಡನೆಯದನ್ನು ನೋಡಬೇಕಾಗುತ್ತದೆ. ಇದರಲ್ಲಿ ರೋಗಿಯ ತಪ್ಪೂ ಇಲ್ಲ, ವೈದ್ಯರ ತಪ್ಪೂ ಇಲ್ಲ.

ಎರಡನೆಯದು ಸರ್ಟ್ರಾಲಿನ್. 50ರಿಂದ ಹತ್ತಿಸಿ 200 ಮಿಲಿಗ್ರಾಂ ತನಕ ಹೋಯ್ತು. ಅಂಕ 21ಕ್ಕೆ ಇಳಿಯಿತು. ಹೊಟ್ಟೆ ಕೆಡುತ್ತಿತ್ತು. ಗಂಡ ಹೆಂಡಿರ ಸಂಬಂಧದಲ್ಲೂ ಆಸಕ್ತಿ ಕುಗ್ಗಿತು. ಈ ಗುಂಪಿನ ಮಾತ್ರೆಗಳಲ್ಲಿ ಇದು ಸಾಮಾನ್ಯ. ನಮ್ಮ ಗಂಡಸರು ಇದನ್ನು ಯಾರಿಗೂ ಹೇಳದೆ ಗುಟ್ಟಾಗಿ ಮಾತ್ರೆ ನಿಲ್ಲಿಸಿ ಬಿಡುತ್ತಾರೆ. ನಾಚಿಕೆ ಬಿಟ್ಟು ಹೇಳಿದರೆ ವೈದ್ಯರ ಬಳಿ ಬೇರೆ ದಾರಿ ಇರುತ್ತದೆ.

ಮೂರನೆಯದು ಕ್ಲೋಮಿಪ್ರಮೈನ್. ಇದು ಹಳೆಯ ಮಾತ್ರೆ. ಅಮೆರಿಕದಲ್ಲಿ ಗೀಳಿಗೆಂದು 1989ರಲ್ಲಿ ಒಪ್ಪಿಗೆ ಪಡೆದದ್ದು. ಗೀಳಿನ ಮೇಲೆ ಬಲವಾದದ್ದು, ಆದರೆ ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ತೂಕಡಿಕೆ ಬರುತ್ತದೆ. ಹೃದಯದ ಬಡಿತವನ್ನೂ ಕೆಡಿಸಬಹುದಾದ್ದರಿಂದ ಮೊದಲೇ ಇಸಿಜಿ ತೆಗೆಸಿದರು. ರಾತ್ರಿ 25 ಮಿಲಿಗ್ರಾಂನಿಂದ ಶುರುಮಾಡಿ ಮೆಲ್ಲಗೆ 150ಕ್ಕೆ ತಂದರು. ಜೊತೆಗೇ ಮಾತಿನ ಚಿಕಿತ್ಸೆ: ಎಣ್ಣೆ ಡಬ್ಬಿ ಇಡುವ ಕೋಣೆಯ ಚಿಲಕ ಮುಟ್ಟಬೇಕು, ಅರ್ಧ ತಾಸು ಕೈ ತೊಳೆಯದೆ ಕೂರಬೇಕು. ಮೊದಲ ದಿನ ಬೆವರಿ ಹೋದೆ. ಹದಿನೈದನೇ ದಿನಕ್ಕೆ ಅದು ಬರೀ ಚಿಲಕ ಆಯ್ತು. ಈ ಅಭ್ಯಾಸ ಮಾತ್ರೆಯಷ್ಟೇ ಮುಖ್ಯ. ಈಗ ನನ್ನ ಅಂಕ 11.

ಬದಲಾವಣೆಯ ಅಪಾಯ

ಒಂದು ಬಿಟ್ಟು ಇನ್ನೊಂದು ಹಿಡಿಯುವುದು ಬೀಜದ ಕಂಪನಿ ಬದಲಿಸಿದಂಗಲ್ಲ. ನಮ್ಮ ಬೀಗರ ಪೈಕಿ ಒಬ್ಬ ಹುಡುಗ ಪ್ಯಾರಾಕ್ಸೆಟಿನ್ ಒಮ್ಮೆಲೇ ನಿಲ್ಲಿಸಿದ. ಎರಡೇ ದಿನಕ್ಕೆ ತಲೆ ತಿರುಗಿ, ತಲೆಯೊಳಗೆ ಕರೆಂಟು ಹೊಡೆದಂಗಾಗಿ ಹಾಸಿಗೆ ಹಿಡಿದ. ಅದು ಚಟ ಅಲ್ಲ, ಮೈ ಒಗ್ಗಿಕೊಂಡದ್ದು ಏಕಾಏಕಿ ತಪ್ಪಿದ್ದರ ಪೆಟ್ಟು. ಅದಕ್ಕೇ ಹಳೆಯದನ್ನು ಹಂತಹಂತವಾಗಿ ಇಳಿಸುತ್ತಾರೆ, ಹೊಸದನ್ನು ಹಂತಹಂತವಾಗಿ ಏರಿಸುತ್ತಾರೆ. ಫ್ಲುಯೊಕ್ಸೆಟಿನ್ ನಿಲ್ಲಿಸಿದ ಮೇಲೂ ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಅದರ ಬೆನ್ನಿಗೇ ಕ್ಲೋಮಿಪ್ರಮೈನ್ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಮಿತಿ ಮೀರಬಹುದು. ನೋವಿಗೆ ಕೊಡುವ ಟ್ರಮಡಾಲ್ ಕೂಡ ಇವುಗಳ ಜೊತೆ ಸೇರಿದರೆ ಜ್ವರ, ನಡುಕ, ಗೊಂದಲ ಬರುವ ಅಪಾಯವುಂಟು. ಹಲ್ಲಿನ ವೈದ್ಯರ ಹತ್ತಿರ ಹೋದರೂ ಈ ಮಾತ್ರೆಯ ಹೆಸರು ಹೇಳಬೇಕು. ಇಪ್ಪತ್ತೈದರ ಒಳಗಿನವರಿಗೆ ಶುರುವಿನ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಾಗಬಹುದು. ಮನೆಯವರು ಕಣ್ಣಿಟ್ಟಿರಬೇಕು. ಗುಣವಾದ ಮೇಲೂ ಗೀಳಿಗೆ ಒಂದೆರಡು ವರ್ಷ ಮಾತ್ರೆ ಮುಂದುವರಿಸಬೇಕು.

ಗಡಿಯವರ ತೊಡಕು

1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದವು. ವ್ಯವಹಾರಕ್ಕೆ ನಮಗೆ ತೆಲುಗು ಸಲೀಸು. ಆದರೆ ಮನಸ್ಸಿನೊಳಗಿನ ಭಯವನ್ನು ತೆಲುಗಿನಲ್ಲಿ ಹೇಳಲು ಹೋಗಿ ನಾನು ‘ಕೈ ಉರಿ’ ಅಂತ ಮಾತ್ರ ಹೇಳುತ್ತಿದ್ದೆ, ಮುಲಾಮು ಬರುತ್ತಿತ್ತು. ಬಳ್ಳಾರಿಗೆ ಹೋಗಿ ಕನ್ನಡದಲ್ಲಿ ಹೇಳಿದ ದಿನವೇ ಕಾಯಿಲೆಗೆ ಹೆಸರು ಸಿಕ್ಕಿತು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಮದ್ದು ಕೊಡುವ ಪ್ರಯೋಗ ಮಾಡಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಇನ್ನೊಂದು ತೊಡಕು ಚೀಟಿಯದು. ಬಳ್ಳಾರಿಯಲ್ಲಿ ಬರೆದ ಕಂಪನಿ ಹೆಸರು ಆದೋನಿ ಅಂಗಡಿಯಲ್ಲಿ ಸಿಗುವುದಿಲ್ಲ. ಪ್ರೋಡೆಪ್ ಅಂದರೂ ಫ್ಲೂಡ್ಯಾಕ್ ಅಂದರೂ ಒಳಗಿರೋದು ಫ್ಲುಯೊಕ್ಸೆಟಿನ್ನೇ. ಇದು ತಿಳಿಯದೆ ಎರಡನ್ನೂ ನುಂಗಿದರೆ ಪ್ರಮಾಣ ಇಮ್ಮಡಿ. ಆದ್ದರಿಂದ ಮದ್ದಿನ ಮೂಲ ಹೆಸರು, ಮಿಲಿಗ್ರಾಂ, ಶುರು ಮಾಡಿದ ತಾರೀಖು, ನಿಲ್ಲಿಸಿದ ತಾರೀಖು, ಆದ ತೊಂದರೆ ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಖಾತೆ ಪುಸ್ತಕ ಇಡುವ ಕೈಗೆ ಇದೇನು ಭಾರವಲ್ಲ. ಯಾವ ರಾಜ್ಯದ ವೈದ್ಯರಿಗೆ ತೋರಿಸಿದರೂ ಅದು ನಡೆಯುತ್ತದೆ.

ಹೋಗಲು ದಾರಿ ಕಾಣದವರು 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸೇವೆ ಇದು. ಕರೆ ಉಚಿತ, ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಬದುಕು ಬೇಡ ಅನ್ನಿಸಿದವರು ಬೆಳಗಾಗಲಿ ಅಂತ ಕಾಯದೆ ಆಗಲೇ ಮಾಡಬೇಕು, ಮನೆಯವರನ್ನೂ ಎಬ್ಬಿಸಬೇಕು. ಒಂದು ಮಾತ್ರೆ ಫಲ ಕೊಡಲಿಲ್ಲ ಅಂದರೆ ಚಿಕಿತ್ಸೆ ಮುಗಿಯಿತು ಅಂತಲ್ಲ. ಇನ್ನೊಂದು ಐತಿ, ಅದರ ಮುಂದೆ ಮತ್ತೊಂದು ಐತಿ.